ಪಾಚಿ ಬದುಕಿದ ತೊಟ್ಟಿ

ಲೋಹಕ್ಕೆ ಲೇಪ ಹಾಕುವ ಕಾರ್ಖಾನೆಯ ಹಿಂದೆ, ಬಿಡಿಭಾಗಗಳನ್ನು ಜಾಲಿಸುವ ತೊಟ್ಟಿಯಲ್ಲಿ ಪಾಚಿ ದಟ್ಟವಾಗಿತ್ತು. ಪಾಚಿ ಬೆಳೆಯುವ ನೀರಿನಲ್ಲಿ ವಿಷವಿರದೆಂದು ನಂಬಿ ಕೆಲಸಗಾರರೆಲ್ಲ ಅಲ್ಲೇ ಕೈತೊಳೆದು ಉಣ್ಣುತ್ತಿದ್ದರು. ನನ್ನ ಮಗನೂ ಹಾಗೆಯೇ ಉಂಡು, ಮೂತ್ರಪಿಂಡ ಕೆಟ್ಟು ತೀರಿಕೊಂಡ.

ಪಾಚಿಯನ್ನು ಪರೀಕ್ಷಿಸಲು ಬಂದ ಹುಡುಗಿಯನ್ನು ಕೇಳಿದೆ: “ಇದು ಹೇಗಮ್ಮ ಸಾಯಲಿಲ್ಲ?”

“ತನ್ನೊಳಗೆ ಬಂದ ಕ್ಯಾಡ್ಮಿಯಂನ, ಅದೇ ಲೇಪದ ವಿಷದ ಲೋಹಾನ, ಕಟ್ಟಿಹಾಕಿ ಒಂದು ಮೂಲೇಲಿ ಕೂಡಿಹಾಕುತ್ತೆ, ತಾತ. ನೀರಲ್ಲಿ ವಿಷ ಇದ್ದೇ ಇದೆ.”

ದೇವರೇ, ಪಾಚಿಗೂ ಒಂದು ಮೂಲೆ ಕೊಟ್ಟೆಯಲ್ಲ, ನನ್ನ ಮಗನಿಗೆ ಕೊಡಲಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡೆ.

ಅಷ್ಟರಲ್ಲಿ ಅಲ್ಲೇ ದುಡಿಯುವ ಅಳಿಯ ಊಟದ ಡಬ್ಬಿ ಹಿಡಿದು ತೊಟ್ಟಿಗೆ ಬಗ್ಗಿದ. “ಏನ್ ಮಾವ, ಪಾಚಿಗೂ ಪೂಜೆ ಮಾಡ್ತಿದ್ದೀರಾ?”

ಅವನ ಕೈಯನ್ನು ಗಟ್ಟಿಯಾಗಿ ಹಿಡಿದು, ಬೀದಿಯ ನಲ್ಲಿಯವರೆಗೂ ಬಿಡದೆ ಕರೆದೊಯ್ದೆ.