ಹಿಡಿದುಕೊಳ್ಳುವ ಕೆಲಸ

ನಮ್ಮ ಮನೆಯ ಕರೆಗಂಟೆ ಒತ್ತಿದವರು ಬಾಗಿಲು ತೆರೆಯುವುದಕ್ಕೆ ಪೂರ್ತಿ ಒಂದು ನಿಮಿಷ ಕಾಯಬೇಕಿತ್ತು. ಆ ಒಂದು ನಿಮಿಷದಲ್ಲಿ ಒಳಗೆ ನಾವು ನಾಲ್ಕು ಜನ ಮಾಡುತ್ತಿದ್ದ ಕವಾಯತು ನೋಡಿದ್ದರೆ ಸರ್ಕಸ್ಸಿನವರೂ ನಾಚಿಕೊಳ್ಳುತ್ತಿದ್ದರು. ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ "ಬಂದೆ, ಬಂದೇ" ಎಂದು ರಾಗ ಎಳೆಯುತ್ತಿದ್ದ. ಅತ್ತಿಗೆ ರೇಡಿಯೊದ ಸದ್ದು ಏರಿಸುತ್ತಿದ್ದರು. ಅಮ್ಮ ನೆಲದ ಮೇಲೆ ಸಾಲಾಗಿ ಜೋಡಿಸಿದ್ದ ಚಮಚಗಳನ್ನು ಬಾಚಿ ಸೋಫಾದ ಕೆಳಗೆ ತಳ್ಳುತ್ತಿದ್ದಳು. ನಾನು ಬುಗುರಿಯನ್ನು ಸೊಂಟದ ಮೇಲೆ ಎತ್ತಿಕೊಂಡು ಒಳಗಿನ ಕೋಣೆಗೆ ಓಡಿ ಚಿಲಕ ಹಾಕುತ್ತಿದ್ದೆ.

ಬುಗುರಿ ನನ್ನ ಅಣ್ಣನ ಮಗಳು, ಎಂಟು ವರ್ಷ. ನಿಂತಲ್ಲೇ ಗಿರ್ರನೆ ಸುತ್ತುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಖುಷಿಯಾದರೆ ಎರಡೂ ಕೈಗಳನ್ನು ಕಿವಿಯ ಹತ್ತಿರ ಪಟಪಟನೆ ಬಡಿಯುತ್ತಾಳೆ. ಮಾತು ಕಡಿಮೆ, ಎದುರಿನವರ ಮುಖ ನೋಡುವುದು ಇನ್ನೂ ಕಡಿಮೆ. ನಾಲ್ಕು ವರ್ಷದವಳಿದ್ದಾಗ ಡಾಕ್ಟರು ಕಾಗದದ ಮೇಲೆ 'ಆಟಿಸಂ' ಎಂದು ಬರೆದುಕೊಟ್ಟಿದ್ದರು. ಇದು ವಾಸಿ ಮಾಡಬೇಕಾದ ಕಾಯಿಲೆಯಲ್ಲ, ಅವಳು ನೋಡುವ ಕೇಳುವ ರೀತಿಯೇ ಬೇರೆ, ನೀವು ಅದನ್ನು ಕಲಿಯಬೇಕು ಎಂದೂ ಹೇಳಿದ್ದರು. ಅಮ್ಮ ಆ ಕಾಗದವನ್ನು ಬೀರುವಿನಲ್ಲಿ ಬಟ್ಟೆಗಳ ಅಡಿಗೆ ಇಟ್ಟಳು. ಮಗುವನ್ನು ಒಳಗಿನ ಕೋಣೆಯಲ್ಲಿ ಇಟ್ಟಳು.

"ಬಂದೋರಿಗೆ ಕಂಡ್ರೆ ಏನಾಗುತ್ತೆ ಅತ್ತೆ?" ಎಂದು ಅತ್ತಿಗೆ ಒಂದು ಸಲ ತಡೆಯಲಾರದೆ ಕೇಳಿದರು.

"ಏನಾಗುತ್ತೆ ಅಂತ ಬೇರೆ ಕೇಳ್ತೀಯಲ್ಲಮ್ಮ! ನಾಳೆ ಬೀದಿ ತುಂಬ ಇದೇ ಮಾತು. ನಮ್ಮ ಕಾಲದಲ್ಲಿ ಇಂಥ ಮಕ್ಕಳನ್ನ ಯಾರಾದ್ರೂ ಹೊರಗೆ ತೋರಿಸ್ತಿದ್ರಾ? ನಾನಂತೂ ಒಂದನ್ನೂ ನೋಡ್ಲಿಲ್ಲಪ್ಪ."

"ತೋರಿಸ್ತಿರ್ಲಿಲ್ಲ, ಅದಕ್ಕೇ ನೀವು ನೋಡ್ಲಿಲ್ಲ."

ಅಮ್ಮ ಆ ದಿನವಿಡೀ ಮುಖ ಊದಿಸಿಕೊಂಡಿದ್ದಳು. ಹಾಗೆಂದು ಅಮ್ಮ ಕೆಟ್ಟವಳು ಎಂದುಕೊಳ್ಳಬೇಡಿ. ಅಂಗಿಯ ಕತ್ತಿನ ಪಟ್ಟಿ ಮಗುವಿಗೆ ಚುಚ್ಚುತ್ತದೆ ಎಂದು ಮೊದಲು ಕಂಡುಹಿಡಿದು, ಅವಳ ಎಲ್ಲ ಅಂಗಿಗಳ ಪಟ್ಟಿಯನ್ನೂ ಕೂತು ಬಿಚ್ಚಿದವಳು ಅವಳೇ. ಪ್ರೀತಿ ಇತ್ತು, ನಾಚಿಕೆಯೂ ಇತ್ತು. ಬಾಗಿಲು ಬಡಿದಾಗ ಮಾತ್ರ ನಾಚಿಕೆಯೇ ಮುಂದೆ ಓಡುತ್ತಿತ್ತು.

ಅಣ್ಣ ಊರೆಲ್ಲ ಅಲೆದ ಮೇಲೆ ಕೊನೆಗೆ ಒಂದು ಶಾಲೆಯವರು ಒಪ್ಪಿದರು. ಅಲ್ಲಿನ ಹೆಡ್ ಮಾಸ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಹಿಡ್ಕೊಳ್ಳೋಕೆ ಒಬ್ಬರನ್ನ ನೀವೇ ಕೊಟ್ರೆ ಸೇರಿಸ್ಕೋತೀನಿ. ಆದ್ರೆ ಒಂದ್ ಮಾತು. ಮೇಲಿನೋರು ಶಾಲೆ ನೋಡೋಕೆ ಬಂದ ದಿನ ಇವಳ ಕೂಗು ಕೇಳಿಸ್ತೋ, ಅವತ್ತೇ ಹೆಸರು ಹೊಡೆದು ಹಾಕ್ತೀನಿ" ಎಂದರು. ನಾನು ಮನೆಯಲ್ಲಿ ಹೊಲಿಗೆ ಮಾಡಿಕೊಂಡಿದ್ದವಳು. ಯಂತ್ರಕ್ಕೆ ಬಟ್ಟೆ ಮುಚ್ಚಿ, ಎರಡನೇ ತರಗತಿಯ ಸಹಾಯಕಿಯಾಗಿ ಸೇರಿಕೊಂಡೆ.

ಹೆಸರಿಗೆ ಸಹಾಯಕಿ. ಮಾಡುತ್ತಿದ್ದದ್ದು ಹಿಡಿದುಕೊಳ್ಳುವ ಕೆಲಸ. ಕೈ ಕಟ್ಟಿ, ಟೀಚರ ಮುಖ ನೋಡಿಕೊಂಡು, ತುಟಿ ಪಿಟಕ್ಕೆನ್ನದೆ ಕೂರುವುದು ಆ ಶಾಲೆಯ ಮೊದಲ ಪಾಠ. ಬುಗುರಿಯ ಕೈ ಎದ್ದರೆ ನಾನು ಒತ್ತಿ ಹಿಡಿಯಬೇಕು. ಗಂಟೆ ಹೊಡೆದಾಗ ಅವಳು ಚೀರಿದರೆ ಬಾಯಿಗೆ ಅಂಗೈ ಹಿಡಿಯಬೇಕು. ಹೊರಗಿನವರು ಬಂದರೆ ಮುರಿದ ಕುರ್ಚಿ, ಸುಣ್ಣದ ಡಬ್ಬ ತುಂಬಿದ ಸ್ಟೋರ್ ರೂಮಿನಲ್ಲಿ ಅವಳನ್ನು ಅಪ್ಪಿಕೊಂಡು ಕೂರಬೇಕು. ಮನೆಯ ಕವಾಯತೇ ಇಲ್ಲೂ. ಸಂಜೆ ಅವಳ ಮಣಿಕಟ್ಟಿನ ಮೇಲೆ ನನ್ನ ಬೆರಳುಗಳು ಕೆಂಪಗೆ ಮೂಡಿರುತ್ತಿದ್ದವು. "ಭದ್ರವಾಗಿ ಹಿಡ್ಕೋತೀರಿ, ಭೇಷ್" ಎಂದು ಹೆಡ್ ಮಾಸ್ಟರು ಒಮ್ಮೆ ಹೊಗಳಿದರು. ನಾಚಿಕೆಗೇಡಿನ ಮಾತು, ಆ ಹೊಗಳಿಕೆಗೆ ನಾನು ಹಿಗ್ಗಿದ್ದೆ.

ಹೀಗಿರುವಾಗ ಮೇಲಿನಿಂದ ಆದೇಶ ಬಂತು. ಆರು ಶನಿವಾರ ಎಲ್ಲ ಶಿಕ್ಷಕರಿಗೂ ಸಹಾಯಕರಿಗೂ ಆಟಿಸಂ ಇರುವ ಮಕ್ಕಳ ಬಗ್ಗೆ ತರಬೇತಿ. ಶನಿವಾರದ ಅರ್ಧ ರಜೆ ಹೋಯಿತಲ್ಲ ಎಂದು ಎಲ್ಲರಿಗೂ ಹೊಟ್ಟೆಯುರಿ. ಹೆಡ್ ಮಾಸ್ಟರು ಎರಡು ಮಾತು ಸ್ವಾಗತ ಹೇಳಿ, ಕಚೇರಿಯಲ್ಲಿ ರಾಶಿ ಕೆಲಸ ಇದೆಯೆಂದು ಕಾಲಿಗೆ ಬುದ್ಧಿ ಹೇಳಿದರು. ಗಣಿತದ ಮೇಷ್ಟ್ರು ತಿದ್ದುವುದಕ್ಕೆ ಅರವತ್ತು ಪುಸ್ತಕ ಹೊತ್ತು ತಂದು ಹಿಂದಿನ ಬೆಂಚು ಹಿಡಿದರು.

ತರಬೇತಿಗೆ ಬಂದವರು ಕುಳ್ಳಗಿನ ಒಬ್ಬ ಹೆಂಗಸು, ಹೆಗಲಿಗೆ ಅವರಿಗಿಂತ ದೊಡ್ಡ ಚೀಲ. ಭಾಷಣ ಶುರುಮಾಡುತ್ತಾರೆಂದು ನಾವು ಆಕಳಿಕೆಗೆ ಬಾಯಿ ಸಿದ್ಧಮಾಡಿಕೊಂಡರೆ, ಅವರು ಬೋರ್ಡಿನ ಮೇಲೆ ಗೆರೆ ಎಳೆದು ಎರಡು ಮನೆ ಮಾಡಿದರು. "ನಿಮ್ಮ ಶಾಲೇಲಿ ಅಂಥ ಮಗು ಒಂದು ಇದೆಯಂತಲ್ಲ. ಅವಳಿಂದ ಆಗೋ ತೊಂದರೆ ಹೇಳಿ" ಎಂದರು. ಅಯ್ಯೋ, ನೋಡಬೇಕಿತ್ತು ನಮ್ಮ ಉತ್ಸಾಹ! ಕೂಗ್ತಾಳೆ, ಸುತ್ತುತ್ತಾಳೆ, ಮಾತು ಕೇಳಲ್ಲ, ಮುಖ ನೋಡಲ್ಲ, ಎಲ್ಲರ ಚಪ್ಪಲಿ ಮುಟ್ಟುತ್ತಾಳೆ. ಎಡಗಡೆ ಮನೆ ತುಂಬಿ ಹೊರಚೆಲ್ಲಿತು.

"ಸರಿ. ಈಗ ಅವಳಿಗೆ ಏನಿಷ್ಟ, ಹೇಳಿ."

ಹನ್ನೊಂದು ಜನ ಮೇಲೆ ಕೆಳಗೆ ನೋಡಿದೆವು. ಗಣಿತದ ಮೇಷ್ಟ್ರ ಕೆಂಪು ಪೆನ್ನು ಕೂಡ ನಿಂತಿತು. ಯಾರೋ ನನ್ನನ್ನು ತೋರಿಸಿ "ಇವರು ಸ್ವಂತ ಅತ್ತೆ" ಎಂದರು.

"ಊಟ ಇಷ್ಟ" ಎಂದೆ ನಾನು. ಎಲ್ಲರೂ ಗೊಳ್ಳೆಂದು ನಕ್ಕರು.

ಮೇಡಂ ನಗಲಿಲ್ಲ. "ಒಂದು ವಾರ ಅವಳ ಕೈ ಮುಟ್ಟಬೇಡಿ. ಬರೀ ನೋಡಿ. ನೋಡಿದ್ದನ್ನ ಬರ್ಕೊಂಡು ಬನ್ನಿ" ಎಂದರು. ಎಂಟು ವರ್ಷ ಎತ್ತಿ ಆಡಿಸಿದ ಮಗುವಿನ ಬಗ್ಗೆ ಒಂದು ಸಾಲೂ ಗೊತ್ತಿಲ್ಲದೆ ನಾನು ಅವತ್ತು ಮನೆಗೆ ಹೋದೆ. ದಾರಿಯುದ್ದಕ್ಕೂ ಕಣ್ಣಲ್ಲಿ ನೀರು.

ಆ ವಾರ ನಾನು ಕಂಡದ್ದನ್ನು ಹೇಳಿದರೆ ನೀವು ನಂಬುವುದಿಲ್ಲ. ಅವಳು ಚಪ್ಪಲಿ ಮುಟ್ಟುವುದು ತುಂಟತನಕ್ಕಲ್ಲ. ತರಗತಿಯ ಮೂವತ್ತೇಳು ಮಕ್ಕಳ ಚಪ್ಪಲಿ ಯಾವುದು ಯಾರದ್ದೆಂದು ಅವಳಿಗೆ ಗೊತ್ತು, ಯಾರ ಪಕ್ಕ ಯಾರು ಕೂರುತ್ತಾರೋ ಅದೇ ಕ್ರಮದಲ್ಲಿ ಬಾಗಿಲಲ್ಲಿ ಜೋಡಿಸುತ್ತಾಳೆ. ಇನ್ನು ಗಂಟೆ. ಅದು ಹೊಡೆಯುವ ಮೊದಲೇ ಅವಳ ಮೈ ಬಿಗಿಯುತ್ತದೆ. ಯಾವ ಕ್ಷಣಕ್ಕೆ ತಲೆಯ ಮೇಲೆ ಆ ಸಿಡಿಲು ಎರಗುವುದೋ ಎಂದು ಬೆಳಗಿನಿಂದ ಹೆದರಿ ಕೂತಿರುತ್ತಾಳೆ ಪಾಪ.

ಎರಡನೇ ಶನಿವಾರ ಇದನ್ನು ಓದಿದಾಗ ಹಿಂದಿನ ಬೆಂಚಿನಿಂದ ಗಣಿತದ ಮೇಷ್ಟ್ರು, "ಮೂವತ್ತೇಳು ಜೊತೇನಾ? ನಂಗೆ ಮಕ್ಕಳ ಹೆಸರೇ ಅಷ್ಟು ನೆನಪಿರಲ್ಲ!" ಎಂದು ಎದ್ದು ನಿಂತರು. ಮರುವಾರದಿಂದ ಅವರು ತಿದ್ದುವ ಪುಸ್ತಕ ತರಲಿಲ್ಲ.

ತರಬೇತಿಯೆಂದರೆ ಇದೇ. ಮಂತ್ರವಿಲ್ಲ, ಮಾಯವಿಲ್ಲ. ಎರಡನೇ ತರಗತಿಯ ಟೀಚರು ಗೋಡೆಯ ಮೇಲೆ ದಿನದ ಪಟ್ಟಿ ಹಚ್ಚಿದರು: ಪಾಠ, ಆಟ, ಲೆಕ್ಕ, ಗಂಟೆ, ಊಟ, ಎಲ್ಲಕ್ಕೂ ಒಂದೊಂದು ಚಿತ್ರದ ಚೀಟಿ, ಒಂದರ ಕೆಳಗೊಂದು. ಗಂಟೆಗೆ ಎರಡು ನಿಮಿಷ ಮುಂಚೆ ನಾನು ಗಂಟೆಯ ಚೀಟಿ ತೋರಿಸಬೇಕು. ಮೊದಲ ದಿನ ತೋರಿಸಿದೆ. ಬುಗುರಿ ಚೀಟಿ ನೋಡಿದಳು, ಎರಡೂ ಕಿವಿ ಮುಚ್ಚಿಕೊಂಡಳು, ಕಾದಳು. ಢಣಢಣ ಎಂದಿತು. ಅವಳು ಮೆಲ್ಲಗೆ ಕೈ ತೆಗೆದು ಊಟದ ಡಬ್ಬಿ ಹುಡುಕಿದಳು, ಅಷ್ಟೇ. ಪಕ್ಕದ ಕೋಣೆಯಿಂದ ಗಣಿತದ ಮೇಷ್ಟ್ರು ಗಾಬರಿಯಾಗಿ ಇಣುಕಿದರು. "ಏನ್ರೀ, ಇವತ್ತು ಗಂಟೆ ಹೊಡೀಲೇ ಇಲ್ವಾ? ಕೂಗೇ ಕೇಳಿಸ್ಲಿಲ್ಲ!"

ನಾನು, ಟೀಚರು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ನಕ್ಕು ಅತ್ತೆವು.

ಕೈ ಬಡಿಯುವುದನ್ನು ಟೀಚರು ತಡೆಯಲಿಲ್ಲ. ತಿಂಗಳೊಳಗೆ ಇಡೀ ತರಗತಿ, ಯಾರಾದರೂ ಲೆಕ್ಕ ಸರಿ ಮಾಡಿದರೆ ಚಪ್ಪಾಳೆಯ ಬದಲು ಕಿವಿಯ ಹತ್ತಿರ ಪಟಪಟ ಕೈ ಆಡಿಸತೊಡಗಿತು. ಬುಗುರಿ ಇಪ್ಪತ್ತರವರೆಗೆ ಕೂಡಿಸಲು ಕಲಿತಳು. "ನೀರು ಬೇಕು" ಎಂದು ಬಾಯಿಬಿಟ್ಟು ಕೇಳಿದಳು. ನನ್ನ ಕೈಗಳು ಖಾಲಿಯಾಗಿ ಏನು ಮಾಡಬೇಕೋ ತಿಳಿಯದೆ ಎಲ್ಲ ಮಕ್ಕಳ ಪೆನ್ಸಿಲು ಚೂಪು ಮಾಡಿಕೊಟ್ಟವು.

ಮನೆಯಲ್ಲಿ ಇದನ್ನೆಲ್ಲ ಹೇಳಿದರೆ ಅಮ್ಮ ಸೊಪ್ಪು ಹಾಕಲಿಲ್ಲ.

"ಶಾಲೇಲಿ ಸಾವಿರ ಹೇಳ್ತಾರೆ. ನಾಲ್ಕು ಜನದ ಮುಂದೆ ಕೂಗಿದ್ರೆ ಆ ನಿನ್ನ ಮೇಡಂ ಬಂದು ತಲೆ ತಗ್ಗಿಸ್ತಾರಾ? ತಗ್ಗಿಸ್ಬೇಕಾದವರು ನಾವು."

"ಅವಳು ಕೂಗಿದ್ರೆ ನಾವ್ಯಾಕಮ್ಮ ತಲೆ ತಗ್ಗಿಸ್ಬೇಕು? ಕೂಗೋ ಹಾಗೆ ಮಾಡಿದವರು ತಗ್ಗಿಸ್ಲಿ."

"ದೊಡ್ಡ ಮಾತು ಕಲ್ತಿದೀಯ" ಎಂದು ಮೂಗು ಮುರಿದಳು.

ಆರನೇ ಶನಿವಾರ ಮುಗಿದ ಮೇಲೆ ಶಾಲೆ ನೋಡಲು ಅಧಿಕಾರಿ ಬರುವ ದಿನ ಗೊತ್ತಾಯಿತು. ಆ ದಿನ ಹನ್ನೆರಡು ಗಂಟೆಗೆ ನಾನು ಕಿಟಕಿಯಿಂದ ನೋಡಿದರೆ, ಅಮ್ಮ ಒಳ್ಳೆಯ ಬಟ್ಟೆ ಉಟ್ಟುಕೊಂಡು ಗೇಟಿನೊಳಗೆ ಬರುತ್ತಿದ್ದಾಳೆ, ಹೆಡ್ ಮಾಸ್ಟರು ಎದುರು ಹೋಗಿ ಕರೆತರುತ್ತಿದ್ದಾರೆ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು.

"ಅಜ್ಜಿ ಬಂದಿದಾರೆ. ಮಗೂನ ಕಳಿಸಿಕೊಡಿ" ಎಂದು ಹೆಡ್ ಮಾಸ್ಟರು ತರಗತಿಯ ಬಾಗಿಲಲ್ಲಿ ಮೆಲ್ಲಗೆ ಅಂದರು. "ಮತ್ತೆ ಯಾವಾಗ ಬರೋದು ಅಂತ ಆಮೇಲೆ ನೋಡೋಣ."

ಅವರ 'ನೋಡೋಣ'ದ ಅರ್ಥ ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿಗೆ ಅವಳ ಓದು ಮುಗಿಯಿತು, ಮತ್ತೆ ಒಳಗಿನ ಕೋಣೆ.

"ಇಲ್ಲ ಸರ್" ಎಂದೆ. "ಅವಳು ಲೆಕ್ಕ ಮಾಡ್ತಿದಾಳೆ."

"ಹಾಗಾದ್ರೆ ಸ್ಟೋರ್ ರೂಮಿಗಾದ್ರೂ ಕರ್ಕೊಂಡು ಹೋಗಿ. ಅರ್ಧ ಗಂಟೆ."

"ಅದೂ ಆಗಲ್ಲ ಸರ್. ಇನ್ನು ಈ ಕೈಯಲ್ಲಿ ಅವಳನ್ನ ಹಿಡಿಯಲ್ಲ. ಹಿಡೀಲೇಬೇಕು ಅಂದ್ರೆ ಬೇರೆಯವರನ್ನ ನೋಡ್ಕೊಳ್ಳಿ. ಆದ್ರೆ ಅವರೂ ಮೊದಲು ನನ್ನ ದಾಟಿ ಬರಬೇಕು."

"ಏನೇ ಇದು, ದೊಡ್ಡವರ ಹತ್ರ!" ಎಂದು ಅಮ್ಮ ಹಲ್ಲು ಕಡಿದಳು. ಎರಡನೇ ತರಗತಿಯ ಟೀಚರು ಬಂದು ನನ್ನ ಪಕ್ಕ ನಿಂತರು. ಹೆಡ್ ಮಾಸ್ಟರ ಮುಖ ಕೆಂಪೇರಿತು. ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತ ಸದ್ದು. ಅವರು ಓಡಿದರು. ಅಮ್ಮ ಹೊರಗಿನ ಬೆಂಚಿನ ಮೇಲೆ ಕುಸಿದು ಕೂತಳು, ಕಣ್ಣು ಮಾತ್ರ ಕಿಟಕಿಯೊಳಗೆ.

ಅಧಿಕಾರಿ ನಡುವಯಸ್ಸಿನ ಹೆಂಗಸು. ಹೆಡ್ ಮಾಸ್ಟರ ಜೊತೆ ನಮ್ಮ ತರಗತಿಗೆ ಬಂದು ಮಕ್ಕಳ ಪುಸ್ತಕ ನೋಡುತ್ತಾ ಬುಗುರಿಯ ಬೆಂಚಿನ ಹತ್ತಿರ ಬರುವುದಕ್ಕೂ, ಇದ್ದಕ್ಕಿದ್ದಂತೆ ಗಂಟೆ ಢಣಢಣ ಎನ್ನುವುದಕ್ಕೂ ಸರಿಹೋಯಿತು! ಊಟಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಅಧಿಕಾರಿ ಇರುವಾಗಲೇ ಮಕ್ಕಳು ಸಾಲಾಗಿ ಊಟಕ್ಕೆ ಹೋಗುವ ಚಂದ ತೋರಿಸಬೇಕೆಂದು ಹೆಡ್ ಮಾಸ್ಟರು ಯಾರಿಗೂ ಹೇಳದೆ ಗಂಟೆಯನ್ನು ಬೇಗ ಹೊಡೆಸಿದ್ದರು.

ಬುಗುರಿ ಚೀರಿದಳು. ಆ ಚೀರು ಹೊರಗಿನ ರಸ್ತೆಗೂ ಕೇಳಿಸಿರಬೇಕು. ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ನುಗ್ಗಿದಳು. ಹಳೆಯ ಅಭ್ಯಾಸ, ಕೈಗಳು ತಾವಾಗಿಯೇ ಮುಂದೆ ಹೋದವು. ಹಿಂದಕ್ಕೆ ಎಳೆದುಕೊಂಡೆ. ನೆಲದ ಮೇಲೆ ಅವಳಿಂದ ಒಂದು ಮಾರು ದೂರ ಸುಮ್ಮನೆ ಕೂತೆ. ಟೀಚರು ಫ್ಯಾನು, ದೀಪ ಆರಿಸಿದರು. ಮೂವತ್ತಾರು ಮಕ್ಕಳು ಯಾರೂ ಹೇಳದೆ ಪೆನ್ಸಿಲು ಕೆಳಗಿಟ್ಟು ಬೆಂಚಿನ ಮೇಲೆ ತಲೆಯಿಟ್ಟರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಅಧಿಕಾರಿಯ ಕಡೆ ತಿರುಗಿ ಪಿಸುಗುಟ್ಟಿದಳು: "ಮಿಸ್, ಸ್ವಲ್ಪ ಆ ಕಡೆ ಹೋಗಿ. ಅವಳಿಗೆ ಜಾಗ ಬೇಕು."

ಅಧಿಕಾರಿ ಶಾಲೆಯ ಮಗುವಿನ ಹಾಗೆ ತಟ್ಟನೆ ಗೋಡೆಗೆ ಒತ್ತಿ ನಿಂತರು.

ಎಷ್ಟು ಹೊತ್ತಾಯಿತೋ, ಮೂರು ನಿಮಿಷವೋ ನಾಲ್ಕೋ. ಚೀರು ಬಿಕ್ಕಾಯಿತು, ಬಿಕ್ಕು ನಿಂತಿತು. ಬುಗುರಿ ತೆವಳಿಕೊಂಡು ಈಚೆ ಬಂದಳು. ಯಾರ ಕಡೆಗೂ ನೋಡದೆ ನೆಟ್ಟಗೆ ಗೋಡೆಯ ಪಟ್ಟಿಯ ಹತ್ತಿರ ಹೋಗಿ, ಲೆಕ್ಕದ ಚೀಟಿಯ ಕೆಳಗಿದ್ದ ಗಂಟೆಯ ಚೀಟಿ, ಊಟದ ಚೀಟಿ ಎರಡನ್ನೂ ಕಿತ್ತು ಅದರ ಮೇಲಕ್ಕೆ ಹಚ್ಚಿದಳು. ಸರಿಯಾಗಿದೆಯೇ ಎಂದು ಒಮ್ಮೆ ನೋಡಿದಳು. "ಊಟ" ಎಂದಳು, ಗಟ್ಟಿಯಾಗಿ.

ಮೂವತ್ತಾರು ಜೊತೆ ಕೈಗಳು ಕಿವಿಯ ಹತ್ತಿರ ಪಟಪಟ ಆಡಿದವು.

"ಗಂಟೆ ಬದಲಾಯಿಸಿದ್ದು ಯಾರು?" ಎಂದು ಅಧಿಕಾರಿ ಕೇಳಿದರು.

"ನಾನೇ" ಎಂದರು ಹೆಡ್ ಮಾಸ್ಟರು, ನಾಲಿಗೆ ಕಚ್ಚಿಕೊಂಡು. "ತಪ್ಪು ನಂದೇ. ಇವರಿಗೆ ಹೇಳಿರ್ಲಿಲ್ಲ."

"ಅದನ್ನ ಸರಿ ಮಾಡಿದ್ಲಲ್ಲ, ಆ ಮಗು ಯಾರು?"

ಹೆಡ್ ಮಾಸ್ಟರು ನನ್ನನ್ನು ನೋಡಿದರು, ಟೀಚರನ್ನು ನೋಡಿದರು. ಇದುವರೆಗೆ ಅವರ ಬಾಯಲ್ಲಿ ಬುಗುರಿ 'ಆ ಕೇಸು' ಆಗಿದ್ದಳು. ಅವರು ಗಂಟಲು ಸರಿಮಾಡಿಕೊಂಡರು. "ನಮ್ಮ ಎರಡನೇ ತರಗತಿ ವಿದ್ಯಾರ್ಥಿನಿ ಮೇಡಂ."

ಮಕ್ಕಳು ಊಟಕ್ಕೆ ಹೋದರು, ಸಾಲು ತಪ್ಪಿ, ಗಲಗಲ ಮಾತಾಡುತ್ತಾ. ಅಧಿಕಾರಿಯ ಕಾರು ಹೊರಟ ಮೇಲೆ ಹೆಡ್ ಮಾಸ್ಟರು ನನ್ನ ಹತ್ತಿರ ಬಂದರು. ಕೆಲಸ ಹೋಯಿತು ಎಂದುಕೊಂಡೆ. "ಆ ತರಬೇತಿ ಮೇಡಂ ಇನ್ನೊಂದು ಸಲ ಬರ್ತಾರಾ ಕೇಳಿ. ನಾನೂ ಕೂತ್ಕೋಬೇಕು" ಎಂದರು, ನೆಲ ನೋಡಿಕೊಂಡು. ಆಮೇಲೆ ಹೊರಗಿನ ಬೆಂಚಿನ ಕಡೆ ತಿರುಗಿ, ಅಮ್ಮನಿಗೆ ಬರಹೇಳಿದ್ದು ನೆನಪಾಗಿ, ಪೇಚಾಡುತ್ತಾ ಕೇಳಿದರು.

"ಅಜ್ಜಿ, ಪಾಪ ಬಿಸಿಲಲ್ಲಿ ಬಂದಿದೀರಿ. ಮಗೂನ ಕರ್ಕೊಂಡು ಹೋಗ್ತೀರೇನು?"

ಅಮ್ಮನ ಕೆನ್ನೆ ಒದ್ದೆಯಾಗಿತ್ತು. ಆದರೂ ದನಿಗೇನೂ ಕಡಿಮೆಯಾಗಿರಲಿಲ್ಲ.

"ಯಾಕೆ ಕರ್ಕೊಂಡು ಹೋಗ್ಲಿ? ಶಾಲೆ ಬಿಡೋಕೆ ಇನ್ನೂ ಮೂರು ಗಂಟೆ ಇದೆ!"