ಬ್ರಶ್ಶಕ್ಕ ಅಳಿಸಿದ್ದು

ಆ ಬೂಟಿನ ಕಾರ್ಖಾನೆಯ ಮಾಲೀಕನಿಗೆ ವರ್ಷಕ್ಕೊಮ್ಮೆ ಹೊಸ ಮಾಡೆಲ್‌ನ ಹುಚ್ಚು ಕೆರಳುತ್ತಿತ್ತು. ಒಂದು ವರ್ಷ ಬಕಲ್ ಇರುವ ಬೂಟು, ಇನ್ನೊಂದು ವರ್ಷ ಮೊಣಕಾಲು ಮುಟ್ಟುವಂಥದ್ದು. ಮತ್ತೊಂದು ವರ್ಷದ್ದರ ಮೂತಿ ಎಷ್ಟು ಚೂಪಾಗಿತ್ತೆಂದರೆ, ಹಾಕಿಕೊಂಡವರು ಮನೆಯೊಳಗೆ ಬರುವ ಮೊದಲೇ ಬೂಟು ಬಂದು ಕೂತಿರುತ್ತಿತ್ತು. ಅವೆಲ್ಲ ಗೋದಾಮಿನಲ್ಲಿ ದೂಳು ತಿಂದವು. ಮಾರಾಟವಾಗುತ್ತಿದ್ದದ್ದು ಅದೇ ಹಳೇ ಡೆಸರ್ಟ್ ಬೂಟು. ಮರಳಿನ ಬಣ್ಣದ ಸ್ವೇಡ್ ಚರ್ಮ, ಕಾಲ್ಗಂಟಿನವರೆಗೆ ಎತ್ತರ, ಎರಡು ಜೊತೆ ತೂತು, ಒಂದು ಲೇಸು, ಕೆಳಗೆ ಮೆತ್ತನೆಯ ಕ್ರೇಪ್ ರಬ್ಬರಿನ ಅಟ್ಟೆ. ಅಷ್ಟೇ. ಕಾಲೇಜಿಗೆ ಹೋಗುವಾಗ ಒಂದು ಜೊತೆ ಕೊಂಡವನು ತಲೆ ನರೆತ ಮೇಲೂ ಬಂದು ಅದನ್ನೇ ಕೇಳುತ್ತಿದ್ದ. ಹೊಸದರಲ್ಲೇ ಕಾಲಿಗೆ ಹೊಂದಿಕೊಳ್ಳುತ್ತಿತ್ತು, ಹಳತಾದಷ್ಟೂ ಚೆನ್ನಾಗಿ ಕಾಣುತ್ತಿತ್ತು. ಮನುಷ್ಯರ ಬಗ್ಗೆ ಹಾಗೆ ಹೇಳುವುದು ಕಷ್ಟ.

ಆ ಬೂಟು ಎಲ್ಲ ಮೇಜುಗಳನ್ನೂ ದಾಟಿ ಕಡೆಗೆ ಬರುತ್ತಿದ್ದದ್ದು ಬ್ರಶ್ಶಕ್ಕನ ಹತ್ತಿರ. ಸ್ವೇಡಿನ ಮೈಮೇಲೆ ಸಣ್ಣ ನವಿರು ಇರುತ್ತದೆ. ಬೆರಳಾಡಿಸಿದರೂ ಸಾಕು, ಅಲ್ಲೊಂದು ಕಪ್ಪು ಗೆರೆ ಬೀಳುತ್ತದೆ. ಇಡೀ ಬೂಟಿನ ನವಿರನ್ನು ಒಂದೇ ದಿಕ್ಕಿಗೆ ಮಲಗಿಸಿ ಪೆಟ್ಟಿಗೆಗೆ ಹಾಕುವುದು ಅವಳ ಕೆಲಸ. ಎಡಗೈ ಬೂಟಿನೊಳಗೆ, ಬಲಗೈಯಲ್ಲಿ ಬ್ರಶ್ಶು, ಹಿಮ್ಮಡಿಯಿಂದ ಮೂತಿಯ ಕಡೆಗೆ ಎರಡು ಸಲ. ಇಪ್ಪತ್ತಾರು ವರ್ಷ ಇದನ್ನೇ ಮಾಡಿ ಮಾಡಿ, ಆ ಕೈಗೆ ತಲೆಯ ಅಪ್ಪಣೆಯೇ ಬೇಕಿರಲಿಲ್ಲ. ಒಂದು ಸಲ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಸ್ವೇಡ್ ಚೀಲವನ್ನು ಸವರಿ, ಜೇಬುಗಳ್ಳಿ ಎಂದು ಬೈಸಿಕೊಂಡು ಇಳಿದದ್ದೂ ಉಂಟು.

ಅವಳ ಗಂಡ ಅದೇ ಕಾರ್ಖಾನೆಯ ಕಟಿಂಗ್ ಮಾಸ್ಟರ್. ಇಡೀ ತೊಗಲನ್ನು ಮೇಜಿನ ಮೇಲೆ ಹಾಸಿ, ಗಾಯದ ಕಲೆ ಎಲ್ಲಿದೆ, ಸೊಳ್ಳೆ ಕಚ್ಚಿದ್ದು ಎಲ್ಲಿದೆ ಎಂದು ನೋಡಿ, ಅದರ ಸುತ್ತ ಬೆರಳಿನಿಂದಲೇ ಒಂದು ಸೊನ್ನೆ ಎಳೆಯುತ್ತಿದ್ದರು. ಸೊನ್ನೆಯ ಒಳಗೆ ಕತ್ತಿ ಹೋಗಕೂಡದು. ಸೀಮೆಸುಣ್ಣ ಬೇಡ, ಪೆನ್ಸಿಲ್ ಬೇಡ. ಸ್ವೇಡಿನ ಮೇಲೆ ಬೆರಳೇ ಸಾಕು, ಆಮೇಲೆ ಸವರಿದರೆ ಅಳಿಸಿಹೋಗುತ್ತದೆ.

ಮದುವೆಯಾದ ಹೊಸದರಲ್ಲಿ ಮಾಸ್ಟರು ಮಧ್ಯಾಹ್ನ ನೀರು ಕುಡಿಯುವ ನೆವದಲ್ಲಿ ಅವಳ ಮೇಜಿನ ಪಕ್ಕ ಹಾದುಹೋಗುವಾಗ, ಮುಂದಿದ್ದ ಬೂಟಿನ ಮೂತಿಯ ಮೇಲೆ ಉಗುರಿನಷ್ಟುದ್ದ ಒಂದು ಗೆರೆ ಎಳೆದು ಹೋಗುವರು. ಒಂದು ಗೆರೆ ಎಂದರೆ ಸಂಜೆ ಗೇಟಿನ ಹತ್ತಿರ ಕಾಯುತ್ತೇನೆ, ಒಟ್ಟಿಗೆ ಹೋಗೋಣ. ಅದರ ಮೇಲೆ ಅಡ್ಡ ಗೀಟು ಹಾಕಿದರೆ, ಇವತ್ತು ಆಗೋದಿಲ್ಲ, ನೀನು ಹೋಗು. ಅವಳು ಓದಿ, ಎರಡು ಸಲ ಬ್ರಶ್ ಎಳೆದು ಅಳಿಸಿಬಿಡುವಳು. ಪ್ರೇಮಪತ್ರ ಎನ್ನುವ ಮಟ್ಟಕ್ಕೇನೂ ಅಲ್ಲ. ಆದರೂ ಐವತ್ತು ಜನರ ನಡುವೆ ಯಾರಿಗೂ ತಿಳಿಯದ ಒಂದು ಮಾತು ತನಗೆ ಬಂತಲ್ಲ ಎಂದು ಅವಳಿಗೆ ದಿನವೂ ಖುಷಿಯಾಗುತ್ತಿತ್ತು. ಮಗಳು ಹುಟ್ಟಿ, ಬೆಳೆದು, ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅದು ನಿಂತಿರಲಿಲ್ಲ.

ನಿಂತದ್ದು ನಲವತ್ತು ಜೊತೆ ಬೂಟು ಕೆಟ್ಟ ದಿನ.

ಒಂದು ಜೊತೆಯ ಎರಡೂ ಬೂಟನ್ನು ನವಿರಿನ ಒಂದೇ ದಿಕ್ಕು ನೋಡಿ ಕತ್ತರಿಸಬೇಕು. ಇಲ್ಲದಿದ್ದರೆ ಬೆಳಕಿಗೆ ಹಿಡಿದಾಗ ಒಂದು ಕಪ್ಪಗೆ, ಇನ್ನೊಂದು ಬೆಳ್ಳಗೆ ಕಾಣುತ್ತದೆ. ಎಷ್ಟು ಬ್ರಶ್ ಮಾಡಿದರೂ ಸರಿಹೋಗುವುದಿಲ್ಲ. ಆ ದಿನ ಅವಳ ಮೇಜಿಗೆ ಬಂದ ನಲವತ್ತೂ ಜೊತೆ ಹಾಗೇ ಇದ್ದವು. ಸೂಪರ್‌ವೈಸರ್ ಬಂದು ನೋಡಿದ, ಎಲ್ಲರಿಗೂ ಕೇಳುವ ಹಾಗೆ ಕೂಗಾಡಿದ.

"ಏನು ಬ್ರಶ್ಶಕ್ಕ, ನಿದ್ದೆ ಮಾಡ್ತಾ ಬ್ರಶ್ ಮಾಡಿದ್ರಾ?"

ಇಪ್ಪತ್ತಾರು ವರ್ಷದಲ್ಲಿ ಯಾರಿಂದಲೂ ಒಂದು ಮಾತು ಕೇಳದವಳು. ಮೈಯೆಲ್ಲ ಉರಿದುಹೋಯಿತು. ಒಂದು ಬೂಟನ್ನು ಮೇಲೆತ್ತಿ ಹಿಡಿದು, "ಇದು ಬ್ರಶ್ಶಿನ ತಪ್ಪಲ್ಲ, ಕತ್ತೀದು. ಕಣ್ಣು ಕಾಣದವರ ಕೈಗೆ ಕತ್ತಿ ಕೊಟ್ರೆ ಇನ್ನೇನಾಗುತ್ತೆ?" ಎಂದುಬಿಟ್ಟಳು.

ಕಟಿಂಗ್ ಮೇಜಿನ ಹತ್ತಿರ ಮಾಸ್ಟರ್ ತಲೆ ಎತ್ತಿದರು, ಮತ್ತೆ ತಗ್ಗಿಸಿದರು. ಸಂಜೆಯೊಳಗೆ ಅವರನ್ನು ಪೆಟ್ಟಿಗೆ ಮಡಿಸುವ ಕೆಲಸಕ್ಕೆ ಹಾಕಿದರು. ಗೇಟಿನ ಹತ್ತಿರ ಅವಳು ಕಾದಳು. ಅವರು ಹಿಂದಿನ ಬಾಗಿಲಿಂದ ಹೋಗಿದ್ದರು.

ಒಂಬತ್ತು ದಿನ ಮಾತಿಲ್ಲ, ಕತೆಯಿಲ್ಲ. ಬಡಿಸಿದ್ದನ್ನು ತಿನ್ನುವರು, ತಟ್ಟೆಯ ಬಲಗಡೆ ಇದ್ದದ್ದು ಹಾಗೇ ಉಳಿಯುವುದು. ಬೇಕೆಂದೇ ಬಿಡುತ್ತಿದ್ದಾರೆ, ನನ್ನ ಕೈ ಅಡುಗೆ ಈಗ ಸೇರುತ್ತಿಲ್ಲ ಎಂದುಕೊಂಡು ಅವಳೂ ಮುಖ ಊದಿಸಿಕೊಂಡಳು. ಹೋಗಿ ತಪ್ಪಾಯಿತು ಅನ್ನಬೇಕೆಂದು ದಿನಕ್ಕೆ ಹತ್ತು ಸಲ ಬಾಯಿಗೆ ಬರುತ್ತಿತ್ತು. ನಾಳೆ ಅಂದರಾಯಿತು, ಇವರೆಲ್ಲಿಗೆ ಓಡಿಹೋಗುತ್ತಾರೆ ಎಂದು ನುಂಗಿಕೊಳ್ಳುವಳು. ಹತ್ತನೇ ದಿನ ಬೆಳಿಗ್ಗೆ ಮಾಸ್ಟರ್ ಅರ್ಧ ಮಡಿಸಿದ ಪೆಟ್ಟಿಗೆ ಹಿಡಿದುಕೊಂಡೇ ಕುಸಿದರು. ಲಕ್ವ. ಬಲಗೈ, ಬಲಗಾಲು, ಬಾಯಿ, ಮೂರೂ ಹೋದವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಲೆಯ ಸ್ಕ್ಯಾನಿನ ಫಿಲ್ಮು ಬೆಳಕಿಗೆ ಹಿಡಿದು ಕೇಳಿದರು. "ಇದು ಮೊದಲನೇದಲ್ಲಮ್ಮ. ಸುಮಾರು ಮೂರು ವಾರದ ಹಿಂದೆ ಒಂದು ಚಿಕ್ಕದು ಆಗಿರಬೇಕು. ಅವಾಗಲೇ ಬಲಗಡೆ ನೋಟ ಹೋಗಿರುತ್ತೆ, ಅವರಿಗೇ ಗೊತ್ತಾಗಿರಲ್ಲ. ಬಾಗಿಲಿಗೆ ಡಿಕ್ಕಿ ಹೊಡೀತಿದ್ರಾ? ತಟ್ಟೆಲಿ ಒಂದು ಕಡೆ ಊಟ ಬಿಡ್ತಿದ್ರಾ?"

ತಟ್ಟೇಲಿ ಬಿಡ್ತಿದ್ರು ಎಂದಳು ಬ್ರಶ್ಶಕ್ಕ. ಕಣ್ಣು ಕಾಣದವರು ಎಂದು ಐವತ್ತು ಜನರೆದುರು ಕೂಗಿ ಹೇಳಿದ್ದಳಲ್ಲ, ಅದು ನಿಜವಾಗಿತ್ತು. ನಿಜವಾದ ಮಾತನ್ನು ಬೈಗುಳ ಮಾಡಿ ಗಂಡನ ಮುಖಕ್ಕೆ ಎಸೆದಿದ್ದಳು.

ಮನೆಗೆ ಕರೆತಂದ ಮೇಲೆ ಹಿಂದಿನ ಕೋಣೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಅವಳು ಕೆಲಸಕ್ಕೆ ರಜೆ ಹಾಕಿದಳು. ತಿನ್ನಿಸಿದಳು, ತೊಳೆದಳು, ಮಗ್ಗುಲು ತಿರುಗಿಸಿದಳು. ತಪ್ಪಾಯಿತು ಎಂದು ದಿನಕ್ಕೆ ನೂರು ಸಲ ಹೇಳಿದಳು. ಮಾಸ್ಟರ್ ಅವಳನ್ನೇ ನೋಡುವರು, ಅಷ್ಟೇ. ಕೋಪದ ಮೌನ ಎಲ್ಲಿಗೆ ಮುಗಿಯಿತು, ಕಾಯಿಲೆಯ ಮೌನ ಎಲ್ಲಿಂದ ಶುರುವಾಯಿತು ಎಂದು ಅವಳಿಗೆ ತಿಳಿಯದು. ಇನ್ನೂ ಕೋಪ ಇದೆಯೋ ಇಲ್ಲವೋ, ಅದೊಂದು ಗೊತ್ತಾದರೆ ಸಾಕಿತ್ತು. ಇದೆ ಎಂದಾದರೂ ಸರಿ.

"ಅಪ್ಪನಿಗೆ ಯಾವ ಕೋಪಾನೂ ಇಲ್ಲಮ್ಮ, ಸುಮ್ನಿರು" ಎನ್ನುವಳು ಮಗಳು.

"ನಿನಗೇನು ಗೊತ್ತು?" ಎಂದು ಇವಳು ರೇಗುವಳು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, ಕಾಲೂರಿ ನಿಲ್ಲಿಸಬೇಕು, ಜಾರದ ಶೂ ಬೇಕು ಎಂದಳು. ಮಗಳು ಲೇಸಿನ ಬದಲು ಅಂಟುಪಟ್ಟಿ ಇರುವ ಹೊಸ ಶೂ ತಂದಳು. ಮಾಸ್ಟರ್ ಎಡಗಾಲಿನಿಂದ ಅದನ್ನು ಮಂಚದಡಿಗೆ ಒದ್ದರು. ಆಗ ಬ್ರಶ್ಶಕ್ಕನಿಗೆ ಅವರ ಹಳೇ ಡೆಸರ್ಟ್ ಬೂಟು ನೆನಪಾಯಿತು. ಹದಿನಾಲ್ಕು ವರ್ಷದ ಹಿಂದೆ ತಾವೇ ಆರಿಸಿದ ತೊಗಲಿನಿಂದ ಕತ್ತರಿಸಿಕೊಂಡದ್ದು. ಅಟ್ಟೆ ಮೂರು ಸಲ ಬದಲಾಗಿತ್ತು, ಮೇಲಿನ ಚರ್ಮ ಮಾತ್ರ ಅದೇ. ಊದಿಕೊಂಡಿದ್ದ ಕಾಲಿಗೂ ಅದು ಕಿರಿಕಿರಿಯಿಲ್ಲದೆ ಹೊಂದಿತು. ಬಿಚ್ಚಿದ ಮೇಲೆ ಮಾಸ್ಟರ್ ಒಂದು ಬೂಟನ್ನು ಕೆಳಗಿಡಲು ಬಿಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಎಡಗೈಯಲ್ಲಿ ಸವರುತ್ತಾ ಕೂತರು.

ಎರಡು ದಿನ ಬಿಟ್ಟು, ತಲೆ ಬಾಚಲು ಬಗ್ಗಿದಾಗ ಅವಳು ನೋಡಿದಳು. ಬೂಟಿನ ಪಕ್ಕದಲ್ಲಿ ಸವೆದು ತೆಳ್ಳಗಾಗಿದ್ದ ಒಂದು ಜಾಗದ ಸುತ್ತ ಸರಿಯಾದ ಒಂದು ಸೊನ್ನೆ. ಎಡಗೈಯದಾದರೂ ಮಾಸ್ಟರ ಸೊನ್ನೆಯೇ. ಬಾಯಿ ಹೋಗಿದ್ದರೂ ಬೆರಳಿನ ಮಾತು ಉಳಿದಿತ್ತು. ಇಷ್ಟು ದಿನ ಇದು ಹೊಳೆಯದೇ ಹೋಯಿತಲ್ಲ ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡಳು.

ಅದು ಮಧ್ಯಾಹ್ನ. ಮಗಳನ್ನು ಮಾತ್ರೆ ತರಲು ಆಗತಾನೇ ಕಳಿಸಿದ್ದಳು. ಬಿಸಿಲು ಅವರ ಕಣ್ಣಿಗೆ ಬೀಳುತ್ತದೆಂದು ಕಿಟಕಿಯ ಪರದೆ ಎಳೆದು, ಕುರ್ಚಿಯ ಮುಂದೆ ಮಂಡಿಯೂರಿ ಕೂತಳು.

"ರೀ, ಇಲ್ಲಿ ನೋಡಿ. ನಾನು ಅವತ್ತು ಹಾಗಂದಿದ್ದು ತಪ್ಪು. ನನ್ನ ಮೇಲೆ ಇನ್ನೂ ಕೋಪ ಇದೆಯಾ? ಇದ್ರೆ ಅಡ್ಡ ಗೀಟು ಹಾಕಿ, ಪರವಾಗಿಲ್ಲ. ಇಲ್ಲ ಅಂದ್ರೆ ಒಂದು ಗೆರೆ ಎಳೀರಿ. ಸುಳ್ಳು ಮಾತ್ರ ಬೇಡ."

ಮಾಸ್ಟರ್ ಅವಳನ್ನು ನೋಡಿದರು, ಬೂಟನ್ನು ನೋಡಿದರು. ಬೆರಳು ಮೂತಿಯ ಹತ್ತಿರ ಬಂದು ನಿಂತಿತು. ಕಲಿತದ್ದನ್ನು ನೆನಪಿಸಿಕೊಳ್ಳುವವರ ಹಾಗೆ ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು. ಒಲೆಯ ಮೇಲೆ ಹಾಲಿಟ್ಟು ಮರೆತಿದ್ದಳು.

"ಬಂದೆ ಇರಿ, ಒಂದೇ ನಿಮಿಷ" ಎಂದು ಓಡಿದಳು.

ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಗಿತ್ತು. ಆತುರದಲ್ಲಿ ಬಟ್ಟೆಯಿಲ್ಲದೆ ಪಾತ್ರೆ ಹಿಡಿದು ಬೆರಳು ಸುಟ್ಟುಕೊಂಡಳು, ಪಾತ್ರೆಯನ್ನು ಸಿಂಕಿಗೆ ಬಿಟ್ಟಳು, ಹಾಳಾದ ಹಾಲಿಗೂ ಹಾಲಿನವನಿಗೂ ಸೇರಿಸಿ ಶಾಪ ಹಾಕಿದಳು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಕೋಣೆಗೆ ಬಂದಳು. ಮಾಸ್ಟರ್ ಎಡಗೈ ಚಾಚಿ ಬೂಟನ್ನು ಅವಳ ಕಡೆಗೆ ಹಿಡಿದಿದ್ದರು. ಅವಳು ತೆಗೆದುಕೊಂಡಳು. ಯಾರೇ ಬೂಟು ಕೊಟ್ಟರೂ ಇಪ್ಪತ್ತಾರು ವರ್ಷ ಏನು ಮಾಡಿತ್ತೋ ಆ ಕೈ ಅದನ್ನೇ ಮಾಡಿತು. ಎಡಗೈ ಒಳಗೆ ಹೋಯಿತು, ಬಲಗೈಗೆ ಸೆರಗಿನ ತುದಿ ಬಂತು, ಹಿಮ್ಮಡಿಯಿಂದ ಮೂತಿಗೆ ಎರಡು ಸಲ ಸವರಿತು.

ಸವರಿಯಾದ ಮೇಲೆ ಅವಳ ಕಣ್ಣು ಬೂಟಿನ ಮೇಲೆ ಬಿತ್ತು. ನವಿರೆಲ್ಲ ಒಂದೇ ದಿಕ್ಕಿಗೆ ಅಚ್ಚುಕಟ್ಟಾಗಿ ಮಲಗಿತ್ತು.

"ಅಯ್ಯೋ" ಎಂದಳು. "ಅಯ್ಯೋ, ಏನು ಬರೆದಿದ್ರಿ? ಇನ್ನೊಂದು ಸಲ ಬರೀರಿ. ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನೊಂದೇ ಸಲ."

ಬೂಟನ್ನು ಅವರ ತೊಡೆಯ ಮೇಲಿಟ್ಟಳು, ಅವರ ಬೆರಳು ಹಿಡಿದು ಅದರ ಮೇಲಿಟ್ಟಳು. ಬೆರಳು ಹಾಗೇ ಬಿದ್ದುಕೊಂಡಿತು. ಮಾಸ್ಟರ ಎಡಕೆನ್ನೆ ಒಂದು ಕ್ಷಣ ಮೇಲೆದ್ದಿತು. ಅದು ನಗುವೋ ಅಳುವೋ, ಅರ್ಧ ಮುಖದಲ್ಲಿ ಯಾರಿಗೆ ತಿಳಿಯುತ್ತದೆ? ಕಣ್ಣು ಮುಚ್ಚಿದರು. ಆಯಾಸ ಬಹಳವಾಗಿತ್ತು. ಮಗಳು ಮಾತ್ರೆ ತಂದಾಗ ಅವಳು ಇನ್ನೂ ನೆಲದ ಮೇಲೇ ಕೂತಿದ್ದಳು.

ಮರುದಿನ ಬೆಳಿಗ್ಗೆ ಇನ್ನೊಮ್ಮೆ ಲಕ್ವ ಹೊಡೆಯಿತು. ಮೂರನೇ ದಿನ ಮಾಸ್ಟರ್ ಹೋದರು.

ಬಂದವರೆಲ್ಲ ಸಮಾಧಾನ ಹೇಳಿ ಹೋದರು. ಸೂಪರ್‌ವೈಸರ್ ಕೂಡ ಬಂದು, ಅಂಥ ಕೈ ಇನ್ನು ಹುಟ್ಟೋದಿಲ್ಲ ಬ್ರಶ್ಶಕ್ಕ ಎಂದು ಕಣ್ಣೊರೆಸಿಕೊಂಡ. ಗೆರೆಯ ಕತೆಯನ್ನೂ ಅದನ್ನು ತಾನು ಅಳಿಸಿದ್ದನ್ನೂ ಅವಳು ಮಗಳಿಗೆ ಮಾತ್ರ ಹೇಳಿದಳು, ಹೇಳಿ ಊಟ ಬಿಟ್ಟಳು. ತಟ್ಟೆ ಮುಂದಿಟ್ಟರೆ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡುವಳು. ಈ ಕೈಯಿಂದ ತಿನ್ನಲಾ ಎಂದು ಕೇಳುವಳು. ಮಗಳು ಗದರಿದಳು, ಅತ್ತಳು, ತುತ್ತು ಮಾಡಿ ಬಾಯಿಗೆ ಹಿಡಿದಳು. ಹದಿನೈದು ದಿನದಲ್ಲಿ ಬ್ರಶ್ಶಕ್ಕ ಅರ್ಧ ಇಳಿದುಹೋಗಿದ್ದಳು.

ಒಂದು ಮಧ್ಯಾಹ್ನ ಮಗಳು ತಟ್ಟೆ ತಂದು ಎದುರಿಗೆ ಕೂತಳು. ತಟ್ಟೆಯ ಅಂಚನ್ನೇ ನೋಡುತ್ತಾ ಹೇಳಿದಳು.

"ಅಮ್ಮ, ನಾನು ನೋಡಿದ್ದೆ."

"ಏನು?"

"ಅವತ್ತು ಮಾತ್ರೆ ತಗೊಂಡು ಬರುವಾಗ. ಕಿಟಕೀಲಿ ಕಾಣ್ತು. ನೀನು ಅಡುಗೆಮನೇಲಿದ್ದೆ. ಅಪ್ಪ ಬೂಟಿನ ಮೇಲೆ ಗೆರೆ ಎಳೆದ್ರು. ಒಂದೇ ಗೆರೆ. ಅಡ್ಡ ಗೀಟಲ್ಲ."

ಬ್ರಶ್ಶಕ್ಕ ಮಗಳ ಮುಖ ನೋಡಿದಳು. ಚಿಕ್ಕಂದಿನಿಂದ ಸುಳ್ಳು ಹೇಳಲು ಬಾರದ ಹುಡುಗಿ. ಹೇಳಿದರೆ ಕಿವಿಯ ತುದಿ ಕೆಂಪಾಗುತ್ತಿತ್ತು. ಈಗಲೂ ಆಗಿತ್ತು. ಆ ಮಧ್ಯಾಹ್ನ ಕಿಟಕಿಯ ಪರದೆ ಪೂರ್ತಿ ಮುಚ್ಚಿತ್ತು, ಬ್ರಶ್ಶಕ್ಕನೇ ಮುಚ್ಚಿದ್ದಳು.

"ಸರಿಯಾಗಿ ನೋಡಿದ್ಯಾ?" ಎಂದು ಕೇಳಿದಳು.

"ಹೂಂ. ಕಣ್ಣಾರೆ ನೋಡಿದೆ."

ಬ್ರಶ್ಶಕ್ಕ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಒಂದು ತುತ್ತು ಬಾಯಿಗಿಟ್ಟು, ಎಷ್ಟೋ ಹೊತ್ತು ಅಗಿದು ನುಂಗಿದಳು.

"ಇನ್ನೊಂದ್ಸಲ ಹೇಳು" ಎಂದಳು.