ಇದ್ಯಾವ ಸದ್ದು

ಓಬಳಯ್ಯನ ಬಲಗೈ ಎಡಗೈಯ ಮೇಲೆ ಬೀಳುತ್ತದೆ, ಮೆತ್ತಗೆ, ರೊಟ್ಟಿ ತಟ್ಟಿದ ಹಾಗೆ, ಹೆಬ್ಬೆರಳಿನ ಉಗುರು ಕಪ್ಪಗಿದೆ, ಅದೇ ಬೆರಳು, ಮಚ್ಚಿನ ಹಿಡಿಯ ಮೇಲೆ ಒತ್ತಿ ಕೂತಿದ್ದ ಬೆರಳು, ಈಗ ಮಗಳ ಅಂಗೈ ಹಿಡಿದು ಚಪ್ಪಾಳೆ ಹೊಡೆಸುತ್ತಿದೆ — ಮರಿ ಬಂತು ಮರಿ ಬಂತು ಹಟ್ಟಿಯ ಬಾಗ್ಲಿಗೆ, ತಾಯಿ ಎಲ್ಲಿ ತಾಯಿ ಎಲ್ಲಿ ಬೆಟ್ಟದ ತಪ್ಪಲಿಗೆ — ಪಾಪಕ್ಕ ಟೀಚರು ಒಂದು ಸಾಲು ಹಾಡುತ್ತಾಳೆ, ಬಾಲವಾಡಿಯ ನೆಲದ ಮೇಲೆ ಸುತ್ತುಗಟ್ಟಿ ಕೂತವರು ಮತ್ತೊಂದು ಸಾರಿ ಹಾಡುತ್ತಾರೆ, ತೊಡೆಯ ಮೇಲೆ ಮಕ್ಕಳು, ಮೂಲೆಯಲ್ಲಿ ಉಪ್ಪಿಟ್ಟಿನ ಪಾತ್ರೆ, ಕ್ಯಾತಣ್ಣನ ತೊಡೆಯ ಮೇಲೆ ಸತ್ತ ಅಣ್ಣನ ಮಗ ಜುಂಜ, ಎಡಗೈ ಜುಂಜನ ಹೊಟ್ಟೆಯ ಮೇಲೆ, ಬಲಗೈ ಕಂಬಳಿಯೊಳಗೆ, ಕಂಬಳಿಯೊಳಗೆ ಅಣ್ಣನ ಉಣ್ಣೆ ಕತ್ತರಿ. ಎರಡೂ ಕೈ ಕಣಣ್ಣ, ಒಂದೇ ಕೈಲಿ ಚಪ್ಪಾಳೆ ಆಯ್ತದಾ, ಅಂದಳು ಟೀಚರು, ಪಕ್ಕದಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡ ಹೊನ್ನಕ್ಕ, ಅವನ ಇನ್ನೊಂದು ಕೈ ಕಂಬಳಿ ಒಳಗೆ ಮರಿ ಹಾಕ್ತೈತೆ ಬುಡಮ್ಮ ಅಂದಳು, ಹೆಂಗಸರೆಲ್ಲ ನಕ್ಕರು, ಓಬಳಯ್ಯ ಮಾತ್ರ ನಗಲಿಲ್ಲ, ನೆಲ ನೋಡಿದ, ನೋಡಲಿ, ನೆಲವನ್ನೇ ನೋಡಲಿ, ಇನ್ನು ಸ್ವಲ್ಪ ಹೊತ್ತಿಗೆ ಅದರ ಮೇಲೆ ಬೀಳುವವನು ಅದನ್ನು ನೋಡಿಕೊಳ್ಳಲಿ. ಬೆಳಿಗ್ಗೆ ಅತ್ತಿಗೆ ರಂಗಕ್ಕ ಕೇಳಿದ್ದಳು, ಈ ಬಿಸಿಲಾಗೆ ಕಂಬಳಿ ಯಾಕಪ್ಪ, ಯಾಕೂ ಇಲ್ಲ, ನಿಂಗೆ ಸೊಂಟ ನೋವು ಅಂದ್ಯಲ್ಲ, ಮಗೀನ ಇವತ್ತು ನಾನೇ ಕರ್ಕಂಡೋಯ್ತೀನಿ, ನೀನು ಹಾಡ್ತೀಯಾ ಅಲ್ಲಿ, ಹಾಡ್ತೀನಿ, ನೀನು ಹಾಡಿದ್ರೆ ಕುರಿ ಮೇವು ಬುಡ್ತವೆ ಕಣಪ್ಪ ಅಂದು ನಗುವುದಕ್ಕೆ ಹೋಗಿ ನಗದೆ ಕಂಬಳಿಯನ್ನೇ ನೋಡಿದಳು, ಅವಳಿಗೆ ಗೊತ್ತಾಯಿತೋ ಏನೋ, ಗೊತ್ತಾಗಿಯೂ ಕಳಿಸಿದಳೋ ಏನೋ, ಜುಂಜನ ತಲೆಗೆ ಎಣ್ಣೆ ಒತ್ತಿ, ಒಂದು ಮಾತು, ಒಂದೇ ಒಂದು ಮಾತು ಬರ್ಲಿ ಇವನ ಬಾಯಾಗೆ, ಟೀಚರಮ್ಮ ಹೇಳವ್ಳೆ ಹಾಡ್ತಾ ಹಾಡ್ತಾ ಬತ್ತದೆ ಅಂತ, ಅಂದಳು, ಪ್ರತಿ ಶುಕ್ರವಾರ ಇದನ್ನೇ ಅನ್ನುತ್ತಾಳೆ, ಪ್ರತಿ ಶುಕ್ರವಾರ ಮಗು ಉಪ್ಪಿಟ್ಟು ತಿಂದು ಬರುತ್ತದೆ, ಮಾತು ಬರುವುದಿಲ್ಲ.

ಮೊದಲು ಇತ್ತು ಮಾತು, ತುಂಬ ಇತ್ತು, ಅಪ್ಪ ಅನ್ನುತ್ತಿತ್ತು, ಕುರಿ ಕಂಡರೆ ಬ್ಯಾ ಅನ್ನುತ್ತಿತ್ತು, ಕ್ಯಾತಣ್ಣನ ಅಣ್ಣ ದಾಸಣ್ಣ ಉಣ್ಣೆ ಕತ್ತರಿಸುವಾಗ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕತ್ತರಿಯ ಸದ್ದಿಗೆ ತಲೆ ಆಡಿಸುತ್ತಿತ್ತು, ದಾಸಣ್ಣನ ಕೈಯೂ ಹಾಗೇ ಇತ್ತು, ಕಚಕ್ ಕಚಕ್ ಕಚಕ್, ನಡುವೆ ತಾಳ ತಪ್ಪುವುದಿಲ್ಲ, ಕುರಿಗೆ ನಿದ್ದೆ ಬರುತ್ತಿತ್ತು, ಕೆಡವಿದ ಕುರಿ ಕಾಲು ಝಾಡಿಸದೆ ಅವನ ಮಂಡಿಯ ಕೆಳಗೆ ಕಣ್ಣು ಮುಚ್ಚುತ್ತಿತ್ತು. ಅವತ್ತೂ ಹಾಗೇ, ದುರ್ಗದ ಹಿಂದಿನ ಬಂಡೆಯ ನೆರಳು, ಹಾಸಿದ ಗೋಣಿ, ಗೋಣಿಯ ಮೇಲೆ ಬಿಳಿ ಉಣ್ಣೆ, ಕ್ಯಾತಣ್ಣ ನೀರಿಗೆಂದು ಕೆಳಗೆ ಇಳಿದಿದ್ದ, ನೀರಿಗೆ ಯಾಕೆ ಇಳಿದೆ, ಅಷ್ಟೇನು ಬಾಯಾರಿಕೆ ನಿನಗೆ, ಹಿಂದಿನ ದಿನ ಕುರಿಗಳು ಓಬಳಯ್ಯನ ಕಡಲೆಕಾಯಿ ಹೊಲಕ್ಕೆ ನುಗ್ಗಿದ್ದವು, ನಿಮ್ಮವ್ವನ್ ಹೊಲ ಏನ್ಲಾ ಇದು ಅಂದಿದ್ದ ಓಬಳಯ್ಯ, ನಮ್ಮವ್ವಂದಾಗಿದ್ರೆ ಇಷ್ಟು ಕಳೆ ಇರ್ತಿರ್ಲಿಲ್ಲ ಅಂದಿದ್ದ ದಾಸಣ್ಣ, ಊರಿನವರು ನಕ್ಕಿದ್ದರು, ಆ ನಗುವಿಗೆ ಬಿದ್ದ ಹೆಣ ಅದು, ಕಡಲೆಕಾಯಿಗಲ್ಲ. ನಾಯಿ ಬೊಗಳಿದ್ದು ಕೇಳಿ ಕ್ಯಾತಣ್ಣ ಬಿಂದಿಗೆ ಬಿಸಾಕಿ ಹತ್ತಿದ, ಹತ್ತುವಾಗ ಒಂದು ಬೆನ್ನು ಪೊದೆಯಲ್ಲಿ ಇಳಿಯುವುದು ಕಂಡಿತು, ಓಬಳಯ್ಯನ ಬೆನ್ನು, ಒಂದು ಸಾರಿ ನಿಂತು ತಿರುಗಿ ಬಂಡೆಯ ಕಡೆ ನೋಡಿ ಮತ್ತೆ ಇಳಿಯಿತು, ಎಲೆಗಳ ಮಧ್ಯೆ ಮುಖ ಕಾಣಲಿಲ್ಲ, ಕೋರ್ಟಿನಲ್ಲಿ ಕರೀಕೋಟಿನವನು ಕೇಳಿದ, ಬೆನ್ನು ಎಲ್ಲರಿಗೂ ಇರುತ್ತೆ, ನಿನಗೂ ಇದೆ, ಮುಖ ನೋಡಿದೆಯಾ, ಇಲ್ಲ ಸ್ವಾಮಿ, ಯಾರು ನೋಡಿದರು, ನಮ್ಮಣ್ಣನ ಮಗು ನೋಡೈತೆ, ಕರೆಸು, ಅದು ಮಾತಾಡಲ್ಲ ಸ್ವಾಮಿ — ಕೋರ್ಟಿನಲ್ಲೂ ನಕ್ಕರು, ಓಬಳಯ್ಯ ಬಿಡುಗಡೆಯಾಗಿ ಅದೇ ಬಸ್ಸಿನಲ್ಲಿ, ಎರಡು ಸೀಟು ಮುಂದೆ ಕೂತು, ಮಗಳಿಗೆ ಬತ್ತಾಸು ಕಟ್ಟಿಸಿಕೊಂಡು ಬಂದ. ಅವತ್ತು ಬಂಡೆಯ ನೆರಳಲ್ಲಿ ದಾಸಣ್ಣನ ಕುತ್ತಿಗೆ ಅರ್ಧ ಬಿಚ್ಚಿಕೊಂಡಿತ್ತು, ಕಣ್ಣು ಹೋಗಿತ್ತು, ಉಸಿರು ಹೋಗಿತ್ತು, ಕೈ ಮಾತ್ರ ಹೋಗಿರಲಿಲ್ಲ, ಕತ್ತರಿ ಹಿಡಿದ ಕೈ ಉಣ್ಣೆಯ ಮೇಲೆ ಬಿಗಿಯುತ್ತಿತ್ತು, ಬಿಚ್ಚುತ್ತಿತ್ತು, ಕಚಕ್, ಬಿಳಿ ಉಣ್ಣೆ ಕೆಂಪಾಗುತ್ತಾ ಬರುತ್ತಿತ್ತು, ಕಚಕ್, ಅರ್ಧ ಕತ್ತರಿಸಿದ ಕುರಿ ಅಲ್ಲೇ ನಿಂತು ಮೂಸುತ್ತಿತ್ತು, ಕಚಕ್, ಎದುರಿಗೆ ಜುಂಜ, ಕುಕ್ಕರುಗಾಲಲ್ಲಿ, ತಲೆ ಆಡಿಸುತ್ತಾ. ಮಚ್ಚನ್ನು ಪೊಲೀಸರು ಪೊದೆಯಲ್ಲಿ ಹುಡುಕಿ ಸಿಗದೆ ಹೋದರು, ಕತ್ತರಿಯನ್ನು ಯಾರೂ ಕೇಳಲಿಲ್ಲ, ಕ್ಯಾತಣ್ಣ ಅದನ್ನು ತೊಳೆಯಲಿಲ್ಲ, ಬುಡದಲ್ಲಿ ಸಿಕ್ಕಿಕೊಂಡ ಉಣ್ಣೆಯ ಎಳೆ ಒಣಗಿ ಕಂದಾಗಿ ತಂತಿಯಂತಾಗಿದೆ, ಈಗಲೂ ಹೆಬ್ಬೆರಳಿಗೆ ಚುಚ್ಚುತ್ತದೆ, ಚುಚ್ಚಲಿ, ಆ ದಿನದಿಂದ ಕತ್ತರಿ ಉಣ್ಣೆ ಮುಟ್ಟಿಲ್ಲ, ಸಾಣೆಕಲ್ಲು ಮುಟ್ಟಿದೆ ಅಷ್ಟೆ.

ಹಾಡು ನಿಂತಿತು, ಈಗ ಕಣ್ಮುಚ್ಚೋ ಆಟ ಅಂದಳು ಪಾಪಕ್ಕ ಟೀಚರು, ಕ್ಯಾತಣ್ಣ ಇದಕ್ಕೇ ಕಾಯುತ್ತಿದ್ದ, ಹೋದ ವಾರ ಕಿಟಕಿಯ ಹೊರಗೆ ನಿಂತು ನೋಡಿಕೊಂಡು ಹೋಗಿದ್ದ, ದೊಡ್ಡವರೂ ಮಕ್ಕಳೂ ಕಣ್ಣು ಮುಚ್ಚಬೇಕು, ಅವಳು ಏನೋ ಒಂದು ಸದ್ದು ಮಾಡುತ್ತಾಳೆ, ಇದ್ಯಾವ ಸದ್ದು ಅನ್ನುತ್ತಾಳೆ, ಮಕ್ಕಳು ಹೇಳಬೇಕು, ಅಷ್ಟು ಹೊತ್ತು ಓಬಳಯ್ಯ ಕಣ್ಣು ಮುಚ್ಚಿ ಕುತ್ತಿಗೆ ಎತ್ತಿಕೊಂಡು ಕೂತಿರುತ್ತಾನೆ, ಹಲಾಲಿಗೆ ಹಿಡಿದ ಹೋತದ ಹಾಗೆ, ಬಿಟ್ಟರೆ ತಾನೇ ತೆರೆದುಕೊಳ್ಳುವ ಎರಡು ಅಲಗು ಒತ್ತಿ ಒಂದು ಮಾಡಿದರೆ ಕತ್ತರಿ ಬಾಕು ಆಗುತ್ತದೆ, ಕಿವಿಯ ಕೆಳಗೆ, ದವಡೆ ಮುಗಿಯುವಲ್ಲಿ, ಮೂಳೆ ಇಲ್ಲದ ಜಾಗದಲ್ಲಿ, ಆಮೇಲೆ ಜೈಲೋ ಹಗ್ಗವೋ, ಜುಂಜನನ್ನು ಹೊನ್ನಕ್ಕ ಎತ್ತಿಕೊಳ್ಳುತ್ತಾಳೆ, ಎಲ್ಲ ಯೋಚಿಸಿದ್ದ. ಇವತ್ತು ಒಂದು ಹೊಸದು ಮಾಡಣ, ಅಂದಳು ಟೀಚರು, ಮಕ್ಕಳನ್ನ ಎದುರಿನವರ ತೊಡೆಗೆ ಕೂರ್ಸಿ, ಬೇರೆಯವರ ತೊಡೆ ಅಭ್ಯಾಸ ಆಗ್ಲಿ, ಒಂದು ಗಳಿಗೆ ಯಾರೂ ಏಳಲಿಲ್ಲ, ಕ್ಯಾತಣ್ಣನ ಎದುರಿಗೆ ಕೂತವನು ಯಾರೆಂದು ಎಲ್ಲರಿಗೂ ಗೊತ್ತು, ಹೊನ್ನಕ್ಕ ಮೆಲ್ಲಗೆ, ಬ್ಯಾಡ ಕಣಮ್ಮ ಅವರಿಬ್ರುದು ಬ್ಯಾಡ, ಅಂದಳು, ಗೊತ್ತಕ್ಕ, ಗೊತ್ತಿದ್ದೇ ಹೇಳ್ತಿರೋದು, ಅಂದಳು ಟೀಚರು, ಕೊರಟಗೆರೆಯಿಂದ ಬರುವ ಹೆಂಗಸು, ಹಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾವುದೋ ಶಿಬಿರದಲ್ಲಿ ಕಲಿತು ಬಂದವಳು, ಅವಳೇ ಬಂದು ಜುಂಜನನ್ನು ಎತ್ತಿದಳು, ಎಡಗೈ ಬಿಡಲೋ ಬೇಡವೋ ಅನ್ನುವುದರೊಳಗೆ ಮಗು ಓಬಳಯ್ಯನ ತೊಡೆಯ ಮೇಲಿತ್ತು, ಅಳಲಿಲ್ಲ, ಕಲ್ಲಿನ ಹಾಗೆ ಕೂತಿತು, ಓಬಳಯ್ಯನ ಎರಡು ಕೈಯೂ ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲಿ ನಿಂತವು, ಅವನ ಮಗಳು ನರಸಿ ಬಂದು ಕ್ಯಾತಣ್ಣನ ಎಡತೊಡೆ ಹತ್ತಿದಳು, ಬತ್ತಾಸಿನ ವಾಸನೆ, ಮಾಮ ನಿನ್ ಕಂಬ್ಳಿ ಚುಚ್ಚುತ್ತೆ, ಅಂದಳು. ಕುತ್ತಿಗೆ ಎಷ್ಟು ಸಣ್ಣದು ಇದರದು, ಮರಿಯದಕ್ಕಿಂತ ಸಣ್ಣದು, ಅವನು ನನ್ನ ಮನೆಯದನ್ನು ಕೊಯ್ದ, ನಾನು ಅವನ ಮನೆಯದನ್ನು — ಇಲ್ಲ, ಥೂ, ಇಲ್ಲ, ಅವನೇ, ಅವನದೇ, ಆದರೆ ಅವನೆದುರಿಗೆ ಜುಂಜನ ತಲೆ, ಎಣ್ಣೆ ಹಚ್ಚಿದ ತಲೆ ಸರಿಯಾಗಿ ಅವನ ಗಂಟಲಿನ ಮುಂದೆ, ಕಿವಿಯ ಪಕ್ಕದಿಂದ ಹೋಗಬೇಕು, ಹೋಗಬಹುದು, ಹುಡುಗಿಯನ್ನು ತಳ್ಳಿ ಎರಡು ಹೆಜ್ಜೆ.

ಎಲ್ಲಾರೂ ಕಣ್ಣು ಮುಚ್ಚಿ. ಮುಚ್ಚಿದರು, ಓಬಳಯ್ಯನೂ, ಜುಂಜನೂ, ಟೀಚರು ಲೋಟ ಬಡಿದಳು, ಇದ್ಯಾವ ಸದ್ದು, ಲೋಟ ಅಂದವು ಮಕ್ಕಳು, ಡಬ್ಬಿಯಲ್ಲಿ ಕಲ್ಲು ಆಡಿಸಿದಳು, ಇದ್ಯಾವ ಸದ್ದು, ಡಬ್ಬಿ, ಅವಳೂ ಕಣ್ಣು ಮುಚ್ಚಿ, ಈಗ ಸುಮ್ನಿದ್ದು ಕೇಳಣ, ಹೊರಗೆ ಏನು ಕೇಳ್ಸುತ್ತೆ, ಅಂದಳು, ಕಣ್ಣು ಬಿಟ್ಟಿದ್ದವನು ಕ್ಯಾತಣ್ಣ ಒಬ್ಬನೇ, ಇಡೀ ಬಾಲವಾಡಿ ಕುತ್ತಿಗೆ ಎತ್ತಿ ಕೂತಿದೆ, ಈಗ, ಮಂಡಿ ಊರಿದ, ಕಂಬಳಿಯೊಳಗೆ ಬೆರಳು ಬಿಗಿದ, ಅಲಗಿಗೆ ಅಲಗು ಸೇರಿ ಬಾಕು ಆಯಿತು, ಕಚಕ್. ಇದ್ಯಾವ ಸದ್ದು, ಅಂದಳು ಟೀಚರು ನಗುತ್ತಾ, ಯಾರೋ ಆಟಕ್ಕೆ ಸೇರಿದರೆಂದುಕೊಂಡು, ಹಲ್ಲಿ ಅಂದಿತು ಒಂದು ಮಗು, ಅಡಕೊತ್ತು ಅಂದಿತು ಇನ್ನೊಂದು, ಅಪ್ಪ, ಅಂದ ಜುಂಜ. ಒಡೆದ ದನಿ, ತುಕ್ಕು ಹಿಡಿದ ದನಿ, ಅಪ್ಪ, ಕಣ್ಣು ಮುಚ್ಚಿಕೊಂಡೇ, ತಲೆ ಒಮ್ಮೆ ಆಡಿತು, ಓಬಳಯ್ಯನ ಕಣ್ಣು ತೆರೆಯಿತು, ನೇರ ಕಂಬಳಿಗೆ ಬಂತು, ಆ ಸದ್ದು ಅವನಿಗೂ ಗೊತ್ತು, ಅವತ್ತು ಪೊದೆಯಲ್ಲಿ ತಿರುಗಿ ನಿಂತು ನೋಡಿದ್ದು ಅದನ್ನು ಕೇಳಿಯೇ, ಏಳಲಿಲ್ಲ, ತೊಡೆಯ ಮೇಲಿನ ಮಗು ಅವನನ್ನು ಏಳಗೊಡಲಿಲ್ಲ, ಕಾಯ್ದ, ಕುತ್ತಿಗೆ ಹಾಗೇ ಇತ್ತು, ಬಾ ಅನ್ನುವ ಹಾಗೆ, ಎರಡೇ ಹೆಜ್ಜೆ, ಆದರೆ ಜುಂಜ ಸುಮ್ಮನಾಗಿದ್ದಾನೆ, ತುಟಿ ಮತ್ತೆ ಕಲ್ಲಾಗುತ್ತಿದೆ, ಮಾತು ಹೋಗುತ್ತಿದೆ, ಮತ್ತೆ ಹೋಗುತ್ತಿದೆ, ಕ್ಯಾತಣ್ಣ ಬೆರಳು ಸಡಿಲಿಸಿ ಬಿಗಿದ, ಕಚಕ್, ಅಪ್ಪ, ಇನ್ನೊಂದು ಸಾರಿ, ಕಚಕ್, ಅಪ್ಪ, ಟೀಚರು ಏನೋ ಕೂಗುತ್ತಿದ್ದಾಳೆ, ಹೊನ್ನಕ್ಕ ಅಳುತ್ತಿದ್ದಾಳೆ, ಮಾತು ಬಂತು ಕಣ್ರವ್ವ ಅನ್ನುತ್ತಿದ್ದಾಳೆ, ಇರಿಯಬೇಕಾದರೆ ಅಲಗು ಮುಚ್ಚಿಯೇ ಇರಬೇಕು, ಮುಚ್ಚಿಯೇ ಇದ್ದರೆ ಸದ್ದಿಲ್ಲ, ಸದ್ದು ನಿಂತರೆ ದಾಸಣ್ಣ ಮತ್ತೊಂದು ಸಾರಿ ಸಾಯುತ್ತಾನೆ, ಉಣ್ಣೆಯ ತಂತಿ ಹೆಬ್ಬೆರಳನ್ನು ಕೊಯ್ದು ಬಿಸಿಯಾದದ್ದೇನೋ ಬುಡಕ್ಕೆ ಇಳಿಯುತ್ತಿದೆ, ಕಚಕ್, ಕೈ ಯಾರದು ಇದು, ಬಿಗಿಯುತ್ತದೆ, ಬಿಚ್ಚುತ್ತದೆ, ಬಿಳಿ ಉಣ್ಣೆಯ ಮೇಲೆ, ಕೆಂಪಾಗುತ್ತಾ ಬರುವ ಉಣ್ಣೆಯ ಮೇಲೆ, ಒಂದು ಕೈ, ಬಿಗಿಯುತ್ತದೆ, ಬಿಚ್ಚುತ್ತದೆ, ಬಿಗಿಯುತ್ತದೆ